ತಗ್ಗಿಸಿದ ಟ್ರಕ್ಕಿನ ವಾಲಿದ ಚಕ್ರ

ಅಮೆರಿಕದಲ್ಲಿ ಹಳೆಯ ಪಿಕಪ್ ಟ್ರಕ್ಕುಗಳನ್ನು ಕೊಂಡು ತಂದು ಹೊಸದು ಮಾಡುವವರ ದೊಡ್ಡ ಬಳಗವೇ ಇದೆ. ಅವರಿಗೆ ಗಾಡಿ ಓಡಿದರಷ್ಟೇ ಸಾಲದು, ಮೂತಿ ತಗ್ಗಿಸಿ ನೆಲಕ್ಕೆ ಹತ್ತಿರವಾಗಿ ಕೂತಿರಬೇಕು. ಮುಂದಿನ ಕಾಯಿಲ್ ಸ್ಪ್ರಿಂಗಿನ ಒಂದು ಸುತ್ತು ಕತ್ತರಿಸಿ ಎಸೆದರೆ ಅರ್ಧ ದಿನದಲ್ಲಿ ಆ ಠೀವಿ ಬಂದುಬಿಡುತ್ತದೆ. ಆದರೆ 1965ರಿಂದೀಚಿನ ಫೋರ್ಡ್ ಎಫ್-100ಕ್ಕೆ ಹೀಗೆ ಮಾಡಿದವರಿಗೆ ಟೈರಂಗಡಿಯ ಖರ್ಚು ತಪ್ಪಿದ್ದಲ್ಲ. ಹೊರಗೆ ನಿಂತು ನೋಡಿದರೆ ಟೈರು ಇನ್ನೂ ಹೊಸದರಂತಿರುತ್ತದೆ. ಒಳಬದಿಗೆ ಕೈಯಾಡಿಸಿದರೆ ರಬ್ಬರು ಸವೆದು ತಂತಿ ಚುಚ್ಚುತ್ತದೆ. ವ್ಹೀಲ್ ಅಲೈನ್‌ಮೆಂಟ್ ಮಾಡಿಸೋಣವೆಂದು ಹೋದರೆ, ಚಕ್ರದ ವಾಲಿಕೆ ಸರಿಪಡಿಸಲು ತಿರುಗಿಸುವಂಥ ಬೋಲ್ಟೇ ಆ ಗಾಡಿಯಲ್ಲಿಲ್ಲ.

ಇದಕ್ಕೆ ಕಾರಣ ಫೋರ್ಡ್ 1965ರ ಮಾದರಿಯಲ್ಲಿ ತಂದ 'ಟ್ವಿನ್ ಐ-ಬೀಮ್' ವ್ಯವಸ್ಥೆ. ನಮ್ಮ ಹಳೆಯ ಟಾಟಾ, ಲೇಲ್ಯಾಂಡ್ ಲಾರಿಗಳ ಮುಂಭಾಗದಲ್ಲಿ ಈ ತುದಿಯಿಂದ ಆ ತುದಿಯವರೆಗೆ ಒಂದೇ ಉಕ್ಕಿನ ಬೀಮು ಇರುತ್ತದೆ. ಎಡಚಕ್ರ ಕಲ್ಲು ಹತ್ತಿದರೆ ಬಲಚಕ್ರವೂ ವಾಲುತ್ತದೆ. ಫೋರ್ಡ್ ಎಂಜಿನಿಯರುಗಳು ಒಂದರ ಬದಲು ಎರಡು ಬೀಮು ಹಾಕಿ, ಒಂದೊಂದಕ್ಕೆ ಒಂದೊಂದು ಚಕ್ರ ಕೊಟ್ಟರು. ಎಡಚಕ್ರದ ಬೀಮು ಗಾಡಿಯ ಅಡಿಯಲ್ಲಿ ಅಡ್ಡ ಹಾದುಹೋಗಿ ಬಲಬದಿಯಲ್ಲಿ ಚಾಸಿಗೆ ಕೀಲಿನಿಂದ ಸೇರುತ್ತದೆ, ಬಲಚಕ್ರದ್ದು ಎಡಬದಿಯಲ್ಲಿ. ಎರಡೂ ಒಂದರ ಹಿಂದೊಂದು ನುಸುಳಿ ದಾಟುತ್ತವೆ. ಮೊದಲ ಸಲ ಗಾಡಿಯಡಿ ಮಲಗಿ ನೋಡಿದವರಿಗೆ ಇದೇನು ಗೋಜಲು ಅನ್ನಿಸುತ್ತದೆ. ಆದರೆ ಆ ದಾಟುವಿಕೆಯಲ್ಲೇ ಇದರ ಜಾಣತನವಿದೆ. ಕೀಲನ್ನು ಗಾಡಿಯ ನಡುಮಧ್ಯಕ್ಕೆ ಇಟ್ಟಿದ್ದರೆ ಬೀಮು ಗಿಡ್ಡವಾಗಿ, ಚಕ್ರ ಒಂದಿಂಚು ಏರಿಳಿದರೂ ಹೆಚ್ಚು ಓರೆಯಾಗುತ್ತಿತ್ತು. ಕೀಲು ದೂರ ಹೋದಷ್ಟೂ ಓರೆ ಕಡಿಮೆ.

ಕಡಿಮೆ, ಆದರೆ ಸೊನ್ನೆಯಲ್ಲ. ಚಕ್ರ ಬೀಮಿನ ತುದಿಗೆ ಬಿಗಿಯಾಗಿ ಕೂತಿರುವುದರಿಂದ ಬೀಮು ಎಷ್ಟು ಡಿಗ್ರಿ ತಿರುಗಿತೋ ಚಕ್ರವೂ ಅಷ್ಟೇ ವಾಲುತ್ತದೆ. ಈ ವಾಲಿಕೆಗೆ ಕ್ಯಾಂಬರ್ ಎನ್ನುತ್ತಾರೆ: ಚಕ್ರದ ತಲೆ ಹೊರಗೆ ಚಾಚಿದರೆ ಧನ, ಒಳಗೆ ಬಾಗಿದರೆ ಋಣ. ಲೆಕ್ಕದ ಅನುಕೂಲಕ್ಕೆ ಕೀಲಿನಿಂದ ಚಕ್ರಕ್ಕೆ 1 ಮೀಟರ್ ಎಂದಿಟ್ಟುಕೊಳ್ಳಿ. ಸ್ಪ್ರಿಂಗ್ ಕತ್ತರಿಸಿ ಗಾಡಿಯನ್ನು 5 ಸೆಂಟಿಮೀಟರ್ ಇಳಿಸಿದರೆ ಚಾಸಿಯ ಜೊತೆ ಕೀಲೂ ಅಷ್ಟು ಕೆಳಗಿಳಿಯುತ್ತದೆ, ಬೀಮು ಹೆಚ್ಚುಕಡಿಮೆ 3 ಡಿಗ್ರಿ ತಿರುಗುತ್ತದೆ. ಕ್ಯಾಂಬರ್ ಸೊನ್ನೆಯ ಆಸುಪಾಸಿನಲ್ಲಿ ಇರಬೇಕಾದ ಟ್ರಕ್ಕಿಗೆ 3 ಡಿಗ್ರಿ ಋಣವೆಂದರೆ ಚಕ್ರಗಳು ಒಳ ಅಂಚಿನ ಮೇಲೆ ಓಡಿದಂತೆಯೇ. ಸ್ಪ್ರಿಂಗು ಹಳತಾಗಿ ತಾನಾಗಿಯೇ ಕುಸಿದರೂ ಫಲ ಇದೇ. ಗಾಡಿಯನ್ನು ಎತ್ತರಿಸಿದವರಿಗೆ ಇದರ ತದ್ವಿರುದ್ಧ, ಹೊರ ಅಂಚು ಸವೆಯುತ್ತದೆ.

ಇದೇ ಕಾಲದ ಶೆವರ್ಲೆ ಪಿಕಪ್ಪುಗಳಲ್ಲಿ ಚಕ್ರವನ್ನು ಮೇಲೊಂದು ಕೆಳಗೊಂದು ತೋಳು ಹಿಡಿದಿರುತ್ತವೆ. ಮೇಲಿನ ತೋಳಿನ ಬುಡದಲ್ಲಿ ತೆಳು ಲೋಹದ ಶಿಮ್ಮುಗಳನ್ನು ಸೇರಿಸಿ ತೆಗೆದು ಕ್ಯಾಂಬರ್ ಹೊಂದಿಸಬಹುದು. ಬೀಮಿನ ತುದಿಯಲ್ಲಿ ಚಕ್ರ ಎಡಬಲಕ್ಕೆ ಹೊರಳಲು ಕಿಂಗ್ ಪಿನ್ ಎಂಬ ಗೂಟವಿದ್ದ ಮೊದಲ ವರ್ಷಗಳ ಫೋರ್ಡಿನಲ್ಲಿ ಆ ಸೌಲಭ್ಯವಿಲ್ಲದ್ದರಿಂದ ಗ್ಯಾರೇಜುಗಳು ಹಿಡಿದ ದಾರಿ ಕೇಳಿದರೆ ಎದೆ ಝಲ್ಲೆನ್ನಬಹುದು: ಬೀಮನ್ನೇ ಬಗ್ಗಿಸುವುದು. ಬೀಮಿನ ಕೆಳಗೆ ದಪ್ಪನೆಯ ಉಕ್ಕಿನ ಅಡ್ಡಪಟ್ಟಿ ಇಟ್ಟು, ಎರಡು ಕಡೆ ಸರಪಳಿಯಿಂದ ಬೀಮಿಗೆ ಬಿಗಿದು, ನಡುವೆ ಹೈಡ್ರಾಲಿಕ್ ಜಾಕ್ ಕೂಡಿಸಿ ಒತ್ತುತ್ತಾರೆ. ಬಡಿದು ಹದಗೊಳಿಸಿದ ಉಕ್ಕು ಸುಲಭಕ್ಕೆ ಮಣಿಯುವುದಿಲ್ಲ, ಮಣಿದದ್ದೂ ಒತ್ತಡ ಬಿಟ್ಟ ಕೂಡಲೇ ಸ್ವಲ್ಪ ಹಿಂದಕ್ಕೆ ಚಿಮ್ಮುತ್ತದೆ. ಬೇಕಾದ್ದಕ್ಕಿಂತ ತುಸು ಹೆಚ್ಚು ಬಗ್ಗಿಸಿ, ಬಿಟ್ಟು, ಅಳೆದು, ಮತ್ತೆ ಒತ್ತಬೇಕು. ಎಲ್ಲವನ್ನೂ ತಣ್ಣಗಿರುವಾಗಲೇ ಮಾಡಬೇಕು. ಕೆಲಸ ಬೇಗ ಆಗಲೆಂದು ಗ್ಯಾಸ್ ಹಚ್ಚಿ ಕಾಸಿದರೆ ಉಕ್ಕಿನ ಹದ ಕೆಟ್ಟು, ಮುಂದೊಂದು ದಿನ ಗುಂಡಿಗೆ ಬಿದ್ದಾಗ ಬೀಮು ಕೈಕೊಡುವ ಭಯವಿದೆ. ಅರ್ಧ, ಒಂದು ಡಿಗ್ರಿಯ ತಿದ್ದುಪಡಿಗೆ ಇದು ಸರಿ. ಮೂರು ಡಿಗ್ರಿಯ ಪಾಪವನ್ನು ಇದರಿಂದ ತೊಳೆಯಹೊರಡುವುದು ನನಗಂತೂ ಒಪ್ಪಿಗೆಯಿಲ್ಲ. 1980ರ ದಶಕದಲ್ಲಿ ಕಿಂಗ್ ಪಿನ್ ಜಾಗಕ್ಕೆ ಬಾಲ್ ಜಾಯಿಂಟ್ ಬಂದ ಮೇಲೆ, ಮೇಲಿನ ಜಾಯಿಂಟಿಗೆ ತೂತು ಓರೆಯಾಗಿರುವ ಬುಷ್ ಹಾಕಿ ತಿರುಗಿಸುವ ಅನುಕೂಲ ದೊರಕಿತು.

ಗಾಡಿ ತಗ್ಗಬೇಕು, ಬೀಮಿನ ಕೋನ ಮಾತ್ರ ಕದಲಬಾರದು. ಅದಕ್ಕೊಂದು ದಾರಿ ಆಕಾರ ಬದಲಿಸಿದ ಬೀಮು. ಇದರಲ್ಲಿ ಚಕ್ರ ಕೂರುವ ತುದಿಯನ್ನು ಮೇಲಕ್ಕೆ ಎತ್ತಿ ಮಾಡಿರುತ್ತಾರೆ. ಚಕ್ರ ಮೇಲೆ ಕೂತಷ್ಟೂ ಚಾಸಿ ಕೆಳಗಿಳಿಯುತ್ತದೆ, ಬೀಮು ಮೊದಲಿನ ಕೋನದಲ್ಲೇ ಉಳಿಯುತ್ತದೆ. 3 ಇಂಚು ಇಳಿಸುವ ಇಂಥ ಬೀಮುಗಳು ಅಂಗಡಿಯಲ್ಲಿ ಸಿಗುತ್ತವೆ. ಇನ್ನೊಂದು ದಾರಿ ಕೀಲನ್ನೇ ಸರಿಸುವುದು. ಗಾಡಿ 5 ಸೆಂಟಿಮೀಟರ್ ಇಳಿದರೆ ಕೀಲಿನ ಬ್ರಾಕೆಟ್ಟನ್ನು ಚಾಸಿಯ ಮೇಲೆ ಅಷ್ಟೇ ಎತ್ತರಿಸುವುದು. ಕಾಗದದ ಮೇಲೆ ಇದಕ್ಕಿಂತ ಅಚ್ಚುಕಟ್ಟಾದ ಪರಿಹಾರವಿಲ್ಲ, ಆದರೆ ಮೇಲೆ ಎಂಜಿನ್ ಕೂತಿರುವುದರಿಂದ ಜಾಗಕ್ಕೆ ಮಿತಿಯಿದೆ. ಹಾಗಾಗಿ ಈ ಉಪಾಯ ಹೆಚ್ಚು ಒದಗುವುದು ಗಾಡಿ ಎತ್ತರಿಸುವವರಿಗೆ. ಅವರು ಉದ್ದನೆಯ ಬ್ರಾಕೆಟ್ ಹಾಕಿ ಕೀಲನ್ನು ಕೆಳಗಿಳಿಸುತ್ತಾರೆ.

ಇದ್ಯಾವುದೂ ಬೇಡವೆನ್ನುವವರು 2003ರಿಂದೀಚಿನ ಫೋರ್ಡ್ ಕ್ರೌನ್ ವಿಕ್ಟೋರಿಯಾ ಕಾರಿನ ಮುಂಭಾಗದ ಅಡಿಗಟ್ಟನ್ನು, ಸ್ಟೀರಿಂಗ್ ಸಮೇತ ಬಿಚ್ಚಿ ತಂದು ಟ್ರಕ್ಕಿಗೆ ಜೋಡಿಸುತ್ತಾರೆ. ಪೊಲೀಸರೂ ಟ್ಯಾಕ್ಸಿಯವರೂ ಓಡಿಸಿ ಬಿಟ್ಟ ಆ ಕಾರುಗಳು ಗುಜರಿಯಲ್ಲಿ ಧಾರಾಳವಾಗಿ ಸಿಗುತ್ತಿದ್ದವು. ಓಡಿಸಲು ಸೊಗಸು, ನಿಜ. ಆದರೆ ಟ್ವಿನ್ ಐ-ಬೀಮನ್ನೇ ಕಿತ್ತೆಸೆದ ಮೇಲೆ ಅದನ್ನು ಹಳೆಯ ಎಫ್-100 ಎಂದು ಕರೆಯುವುದು ಎಷ್ಟು ಸರಿಯೋ!

ಕ್ಯಾಂಬರಿನ ಗಲಾಟೆಯಲ್ಲಿ ಮರೆತುಹೋಗುವುದು ಕ್ಯಾಸ್ಟರ್. ಸೈಕಲ್ಲಿನ ಫೋರ್ಕು ಹಿಂದಕ್ಕೆ ಒರಗಿರುವಂತೆ ಕಿಂಗ್ ಪಿನ್ನೂ ತುಸು ಹಿಂದಕ್ಕೆ ಒರಗಿರಬೇಕು. ಆಗ ಸ್ಟೀರಿಂಗ್ ಬಿಟ್ಟರೆ ತಾನೇ ನೇರವಾಗುತ್ತದೆ. ಪವರ್ ಸ್ಟೀರಿಂಗ್ ಇಲ್ಲದ ಕಾಲದಲ್ಲಿ ತಿರುಗಿಸಲು ಹಗುರಾಗಲೆಂದು ಈ ಒರಗು ಕಡಿಮೆಯೇ ಇಡುತ್ತಿದ್ದರು. ಈಗ ರೇಡಿಯಲ್ ಟೈರು ಹಾಕಿ ಹೆದ್ದಾರಿಯಲ್ಲಿ ಓಡಿಸುವವರಿಗೆ ಅಷ್ಟು ಸಾಲದು. ಫೋರ್ಡಿನಲ್ಲಿ ಒರಗನ್ನು ಕಾಯುವುದು ರೇಡಿಯಸ್ ಆರ್ಮ್, ಅಂದರೆ ಬೀಮಿನಿಂದ ಹಿಂದಕ್ಕೆ ಚಾಚಿ ಚಾಸಿಗೆ ಸೇರುವ ತೋಳು. ಅದರ ಹಿಂತುದಿಯ ರಬ್ಬರ್ ಬುಷ್ ಸವೆದಿದ್ದರೆ ಬ್ರೇಕ್ ಒತ್ತಿದಾಗ ಬೀಮು ಹಿಂದಕ್ಕೆ ಸರಿದು ಗಾಡಿ ಒಂದು ಬದಿಗೆ ಎಳೆಯುತ್ತದೆ. ಜಾಕ್, ಸರಪಳಿ ಹೊರತೆಗೆಯುವ ಮುಂಚೆ ಈ ಬುಷ್ಷನ್ನು ನೋಡುವುದು ವಾಸಿ.

ಅಳೆಯಲು ಯಂತ್ರವೇ ಬೇಕೆಂದಿಲ್ಲ, ಗಾರೆಯವರ ತೂಕದ ಗುಂಡು ಸಾಕು. ಮಟ್ಟಸವಾದ ನೆಲದಲ್ಲಿ ಚಕ್ರದ ಪಕ್ಕ ದಾರ ಇಳಿಬಿಟ್ಟು ರಿಮ್ಮಿನ ಮೇಲಂಚಿಗೂ ಕೆಳಅಂಚಿಗೂ ಇರುವ ಅಂತರ ಅಳೆಯಬೇಕು. ಎರಡು ಬಿಂದುಗಳ ನಡುವೆ 40 ಸೆಂಟಿಮೀಟರ್ ಇದ್ದರೆ, 7 ಮಿಲಿಮೀಟರ್ ವ್ಯತ್ಯಾಸಕ್ಕೆ 1 ಡಿಗ್ರಿ. ಒಂದು ಎಚ್ಚರ ಬೇಕು. ಜಾಕ್ ಮೇಲಿಂದ ಇಳಿಸಿದ ಕೂಡಲೇ ಅಳೆದರೆ ಲೆಕ್ಕ ಸುಳ್ಳಾಗುತ್ತದೆ. ಎತ್ತಿದಾಗ ಚಕ್ರಗಳು ಜೋತು ಅವುಗಳ ಪಾದಗಳು ಒಳಕ್ಕೆ ಸೇರಿರುತ್ತವೆ. ಇಳಿಸಿದ ಮೇಲೂ ರಬ್ಬರು ನೆಲ ಕಚ್ಚಿಕೊಂಡು ಅವನ್ನು ಅಗಲವಾಗಲು ಬಿಡುವುದಿಲ್ಲ. ಗಾಡಿಯನ್ನು ಕೆಲವು ಮೀಟರ್ ಹಿಂದೆಮುಂದೆ ತಳ್ಳಿದರೆ ತಮ್ಮ ಜಾಗಕ್ಕೆ ಬರುತ್ತವೆ. ಸ್ಟೀರಿಂಗಿನ ಟೈ ರಾಡ್ ತಿರುಗಿಸಿ ಟೋ, ಅಂದರೆ ಮೇಲಿಂದ ನೋಡಿದಾಗ ಚಕ್ರಗಳ ಮುಂತುದಿ ಒಳಕ್ಕೋ ಹೊರಕ್ಕೋ ತಿರುಗಿರುವ ಓರೆ, ಹೊಂದಿಸುವುದು ಎಲ್ಲಕ್ಕೂ ಕೊನೆಯಲ್ಲಿ. ಏಕೆಂದರೆ ಎತ್ತರ, ಕ್ಯಾಂಬರ್, ಕ್ಯಾಸ್ಟರ್ ಯಾವುದನ್ನು ಮುಟ್ಟಿದರೂ ಟೋ ಬದಲಾಗುತ್ತದೆ.