ನಿಂತದ್ದೋ, ನಿಲ್ಲಿಸಿದ್ದೋ?

ತಿರುಪ್ಪೂರು: ಬನಿಯನ್ ಕಂಪೆನಿಯಲ್ಲಿ ಕೆಲಸ ಹೋದವರನ್ನು ಕೇಳಿದರೆ ತಮಿಳಿನಲ್ಲಿ ಎರಡು ಉತ್ತರ ಸಿಗುತ್ತವೆ. ‘ನಿನ್ನುಟ್ಟೇನ್’ ಎಂದರೆ ನಾನೇ ಬಿಟ್ಟೆ, ‘ನಿರುತ್ತಿಟ್ಟಾಂಗ’ ಎಂದರೆ ಅವರು ತೆಗೆದರು. ತಾಳವಾಡಿ, ಚಾಮರಾಜನಗರದ ಕಡೆಯಿಂದ ದಿಂಬಂ ಘಾಟಿ ಇಳಿದು ಬಂದ ನಮ್ಮವರು ಎರಡನ್ನೂ ಒಂದೇ ಎಂಬಂತೆ ಹೇಳಿಬಿಡುತ್ತಾರೆ. ಲೆಕ್ಕ ಚುಕ್ತಾ ಮಾಡುವಾಗ ಮಾತ್ರ ಅವೆರಡೂ ಒಂದಲ್ಲ.

2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಆದೇಶದಿಂದ ಇಲ್ಲಿನ ಡೈಯಿಂಗ್ ಘಟಕಗಳು ಮುಚ್ಚಿದವು. 2025ರ ಆಗಸ್ಟ್‌ನಲ್ಲಿ ಅಮೆರಿಕ ಸುಂಕವನ್ನು ಶೇ. 50ಕ್ಕೆ ಏರಿಸಿದಾಗ ಆರ್ಡರುಗಳಿಗೆ ಪೆಟ್ಟು ಬಿತ್ತು. ಇಂಥ ಹೊತ್ತಿನಲ್ಲಿ ‘ನಿನ್ನನ್ನು ತೆಗೆದಿದ್ದೇವೆ’ ಎಂದು ನೇರವಾಗಿ ಹೇಳುವವರು ಕಡಿಮೆ. ಮೊದಲು ಶಿಫ್ಟ್ ಕಡಿಮೆಯಾಗುತ್ತದೆ, ಆಮೇಲೆ ಪೀಸ್ ಸಿಗುವುದಿಲ್ಲ, ಕೊನೆಗೆ ಮುಂದೆ ಒಂದು ಕಾಗದ ಬರುತ್ತದೆ. ತಮಿಳು ಮಾತಾಡಲು ಬಂದರೂ ಓದಲು ಬಾರದವರು ನಮ್ಮಲ್ಲಿ ಎಷ್ಟೋ ಮಂದಿ. ಸಹಿ ಹಾಕಿದ ಮೇಲೆ ಅದು ರಾಜೀನಾಮೆ ಎಂದು ತಿಳಿಯುತ್ತದೆ.

ಒಂದು ಲೆಕ್ಕ ನೋಡೋಣ. ದಿನಗೂಲಿ 500 ರೂ., ಸರ್ವಿಸ್ 7 ವರ್ಷ. ವರ್ಷಕ್ಕೆ 15 ದಿನದಂತೆ ಗ್ರಾಚ್ಯುಟಿ 52,500 ರೂ. ಐದು ವರ್ಷ ತುಂಬಿದ್ದರೆ ತಾನಾಗಿ ಬಿಟ್ಟರೂ ಇದು ಸಿಗಬೇಕು. ಆದರೆ ಕೆಲಸವಿಲ್ಲವೆಂದು ಕಂಪೆನಿಯೇ ತೆಗೆದರೆ ಇದರ ಮೇಲೆ ಇನ್ನೂ ಅಷ್ಟೇ ಪರಿಹಾರ, ಜೊತೆಗೆ ಒಂದು ತಿಂಗಳ ನೋಟಿಸ್ ಅಥವಾ ಆ ತಿಂಗಳ ಸಂಬಳ ಕೊಡಬೇಕು. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿದ್ದ ಈ ನಿಯಮ, 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲೂ ಉಳಿದಿದೆ. ಹಿಂದಿನ 12 ತಿಂಗಳಲ್ಲಿ 240 ದಿನ ದುಡಿದಿರಬೇಕು, ಅಷ್ಟೆ. ಒಂದು ಸಹಿಯಿಂದ ಈ ಎರಡನೆಯ ಮೊತ್ತ ಪೂರ್ತಿ ಹೋಗುತ್ತದೆ. ನಿಗದಿತ ಅವಧಿಯ ಕರಾರಿನವರಿಗೆ ಅವಧಿ ಮುಗಿದಾಗ ಈ ಪರಿಹಾರವಿಲ್ಲ.

ಹಾಗೆಂದು ಕಾಯುವುದೇ ಜಾಣತನವಲ್ಲ. ಕೊಯಮತ್ತೂರಿನಲ್ಲೋ ಊರಿನ ಹತ್ತಿರವೋ ಬೇರೆ ಕೆಲಸ ಕೈಯಲ್ಲಿದ್ದರೆ, ಸರ್ವಿಸ್ ಒಂದೆರಡು ವರ್ಷದ್ದಷ್ಟೇ ಆದರೆ, ಪೀಸಿಲ್ಲದೆ ಬಾಡಿಗೆ ಕೊಟ್ಟು ಕೂರುವುದಕ್ಕಿಂತ ಬಿಡುವುದೇ ಲೇಸು. ಹತ್ತು ವರ್ಷ ಓವರ್‌ಲಾಕ್ ಮಿಷನ್ ಮುಂದೆ ಕೂತವರು ಮಾತ್ರ ಅವಸರಪಡಬಾರದು ಎಂಬುದು ನನ್ನ ಅಭಿಪ್ರಾಯ.

ಬಲವಂತದ ಸಹಿಯನ್ನು ಆಮೇಲೆ ಸಾಬೀತು ಮಾಡುವುದು ಕಷ್ಟ. ಕಾಗದವನ್ನು ಓದಿಸಿಕೊಂಡು, ನಕಲು ಕೇಳಿ. ‘ನಾಳೆ ಬರಬೇಡ’ ಎಂದರೆ ಆ ತಾರೀಕು ಬರೆದಿಟ್ಟು, ಕೂಲಿ ಸ್ಲಿಪ್, ಪಿ.ಎಫ್. ನಂಬರಿನೊಡನೆ ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ. ಬಿಟ್ಟರೂ ತೆಗೆದರೂ ಬಾಕಿ ಕೂಲಿಯನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕೆಂದು ಹೊಸ ವೇತನ ಸಂಹಿತೆ ಹೇಳುತ್ತದೆ. ಶನಿವಾರದ ಬಟವಾಡೆವರೆಗೆ ಕಾಯಬೇಕೆಂದೇನಿಲ್ಲ.