ಸಾನಿಯಾ ಲೆಕ್ಕದ ಪುಸ್ತಕ: ಜಮಾ ಎಷ್ಟು, ಖರ್ಚೆಷ್ಟು?

ತಿಪಟೂರಿನ ಕೊಬ್ಬರಿ ಮಂಡಿಯ ಯಜಮಾನರೊಬ್ಬರು ಮೊನ್ನೆ ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕೂತರು. ಹತ್ತು ವರ್ಷದ ಮಗಳು ಟೆನಿಸ್ ಬ್ಯಾಟು ಬೇಕು ಅಂತ ಹಟ ಹಿಡಿದಿದ್ದಾಳಂತೆ. ಬೆಂಗಳೂರಿನ ಚಿಕ್ಕಪ್ಪನ ಮನೆಗೆ ಹೋದಾಗ ಕಣ್ಣಿಗೆ ಬಿದ್ದದ್ದು. ‘ಕೊಡಿಸೋದೇನೋ ಕೊಡಿಸ್ತೀನಿ ಸ್ವಾಮಿ, ಆದರೆ ಇದರಲ್ಲಿ ಅನ್ನ ಹುಟ್ಟುತ್ತಾ?’ ಅಂತ ಕೇಳಿದರು.

ನ್ಯಾಯವಾದ ಪ್ರಶ್ನೆ. ತೆಂಗಿನ ಸಸಿ ನೆಟ್ಟವನು ಆರೇಳು ವರ್ಷ ಕಾಯುತ್ತಾನೆ. ಕಾಯಿ ಕೆಡವಿ ಅಟ್ಟಕ್ಕೆ ಹಾಕಿದರೆ ಅದು ಕೊಬ್ಬರಿಯಾಗಲು ಮತ್ತೆ ವರ್ಷೊಪ್ಪತ್ತು. ಕಾಯುವುದು ನಮ್ಮ ಸೀಮೆಗೆ ಹೊಸದೇನಲ್ಲ. ಆದರೆ ಮರ ಫಲ ಕೊಟ್ಟೇ ಕೊಡುತ್ತೆ ಅನ್ನೋ ಧೈರ್ಯ ಇರುತ್ತೆ. ಹೆಣ್ಣುಮಗುವಿನ ಕೈಗೆ ಬ್ಯಾಟು ಕೊಟ್ಟು ಕಾಯೋರಿಗೆ ಆ ಧೈರ್ಯ ಎಲ್ಲಿಂದ ಬರಬೇಕು?

ಅದಕ್ಕೇ ಸಾನಿಯಾ ಮಿರ್ಜಾ ಅವರ ಜಮಾ-ಖರ್ಚು ಬಿಚ್ಚಿ ನೋಡೋಣ ಅನ್ನಿಸಿತು. ಆಕೆ ಹೈದರಾಬಾದಿನವರು, ನಮಗೇನು ಅನ್ನಬೇಡಿ. ಬೆಂಗಳೂರು, ಕೊಡಗು, ಕೊನೆಗೆ ಪಕ್ಕದ ಹಾಸನ ಜಿಲ್ಲೆಯೂ ಈ ಲೆಕ್ಕದೊಳಗೆ ಬರುತ್ತವೆ.

ಸಗಣಿ ಅಂಗಳದಿಂದ

ಹುಟ್ಟಿದ್ದು 1986ರ ನವೆಂಬರ್ 15ರಂದು, ಮುಂಬೈಯಲ್ಲಿ. ಬೆಳೆದದ್ದು ಹೈದರಾಬಾದಿನಲ್ಲಿ. ಆರನೇ ವಯಸ್ಸಿಗೆ ಆಟಕ್ಕೆ ಹಾಕಲು ಕರೆದುಕೊಂಡು ಹೋದರೆ, ಮಗು ಬಹಳ ಚಿಕ್ಕದು ಅಂತ ಕಲಿಸುವವರೇ ಒಲ್ಲೆ ಅಂದಿದ್ದರಂತೆ. ಆಗ ಆಡಿದ್ದು ಸಗಣಿ ಸಾರಿಸಿದ ಅಂಗಳದಲ್ಲಿ ಅಂತ ಆಕೆಯೇ ಹೇಳಿಕೊಂಡಿದ್ದಾರೆ. ನಮ್ಮ ಕಣದ ಹಾಗೆ ಅಂದುಕೊಳ್ಳಿ! ಅಪ್ಪ ಇಮ್ರಾನ್ ಮಿರ್ಜಾ ಅವರೇ ಮಗಳಿಗೆ ಗುರುವಾದರು.

2003ರಲ್ಲಿ ವಿಂಬಲ್ಡನ್ ಬಾಲಕಿಯರ ಡಬಲ್ಸ್ ಗೆದ್ದರು. 2005ರ ಜನವರಿಯಲ್ಲಿ ಆಸ್ಟ್ರೇಲಿಯಾದಲ್ಲಿ ಮೂರನೇ ಸುತ್ತಿನವರೆಗೆ ಹೋಗಿ ಸೆರೆನಾ ವಿಲಿಯಮ್ಸ್ ಕೈಲಿ ಸೋತರು. ಮುಂದಿನ ತಿಂಗಳೇ ಸ್ವಂತ ಊರು ಹೈದರಾಬಾದಿನಲ್ಲಿ ಮಹಿಳಾ ಟೆನಿಸ್ ಸಂಘದ ಸಿಂಗಲ್ಸ್ ಪ್ರಶಸ್ತಿ ಗೆದ್ದ ಮೊದಲ ಭಾರತೀಯಳು ಅನ್ನಿಸಿಕೊಂಡರು. ವಯಸ್ಸು 18. 2007ರಲ್ಲಿ ಪ್ರಪಂಚದ 27ನೇ ಸ್ಥಾನ.

ಈ ಸ್ಥಾನದ ಲೆಕ್ಕ ಅಂಗಡಿಯವರಿಗೆ ಬೇಗ ಅರ್ಥವಾಗುತ್ತೆ. ಗೆದ್ದ ಪಂದ್ಯಕ್ಕೆ ಅಂಕ ಸಿಗುತ್ತೆ, ಆದರೆ ಅದು 52 ವಾರ ಮಾತ್ರ ಖಾತೆಯಲ್ಲಿ ನಿಲ್ಲೋದು. ಹೋದ ವರ್ಷ ಈ ವಾರ ಗೆದ್ದದ್ದನ್ನು ಈ ವರ್ಷ ಮತ್ತೆ ಗೆಲ್ಲದಿದ್ದರೆ ಖಾತೆಯಿಂದ ಕಳೆದುಬಿಡುತ್ತಾರೆ. ಕಾಯಿಲೆ ಬಿದ್ದರೆ, ಕೈ ನೋವಾದರೆ ಅಂಗಡಿ ಮುಚ್ಚಿದ ಹಾಗೇ. ಸಂಬಳ ಕೊಡೋ ಧಣಿ ಇಲ್ಲ. ವಿಮಾನದ ಟಿಕೆಟ್ಟು, ಹೋಟೆಲು, ಕಲಿಸುವವರ ಸಂಬಳ ಎಲ್ಲ ಆಟಗಾರ್ತಿಯದ್ದೇ. ಮೊದಲ ಸುತ್ತಿನಲ್ಲೇ ಸೋತರೆ ಆ ವಾರ ಕೈಯಿಂದ ಹೋಯಿತು ಅಂತಲೇ ಲೆಕ್ಕ. ಸಾನಿಯಾಗೆ ಮಂಡಿಗೂ ಮಣಿಕಟ್ಟಿಗೂ ಶಸ್ತ್ರಚಿಕಿತ್ಸೆ ಆಯಿತು. ಸಿಂಗಲ್ಸ್ ಅಲ್ಲಿಗೆ ಕುಂಟತೊಡಗಿತು.

ಬೆಂಗಳೂರಿಗೆ ಬಾರದ ಸಾನಿಯಾ

2006ರಲ್ಲಿ ಕಬ್ಬನ್ ಪಾರ್ಕಿನ ಟೆನಿಸ್ ಅಂಗಳದಲ್ಲಿ ಲೀಜಲ್ ಹ್ಯೂಬರ್ ಜೊತೆ ಸೇರಿ ಆಕೆ ಬೆಂಗಳೂರು ಓಪನ್ ಡಬಲ್ಸ್ ಗೆದ್ದಿದ್ದರು. 2008ರ ಮಾರ್ಚಿನಲ್ಲಿ ಅದೇ ಅಂಗಳಕ್ಕೆ ವೀನಸ್ ಮತ್ತು ಸೆರೆನಾ ಅಕ್ಕತಂಗಿಯರು ಬಂದರು. ಸೆರೆನಾ ಗೆದ್ದರು. ಸಾನಿಯಾ ಮಾತ್ರ ಬರಲಿಲ್ಲ.

ಯಾಕೆ? ಅದಕ್ಕೆ ಮುಂಚೆ ಚಡ್ಡಿ ಗಿಡ್ಡವಾಯಿತು ಅಂತ ಒಂದು ಗಲಾಟೆ, ಮಸೀದಿ ಹತ್ತಿರ ಜಾಹೀರಾತಿನ ಚಿತ್ರ ತೆಗೆದರು ಅಂತ ಇನ್ನೊಂದು, ಕಾಲು ರಾಷ್ಟ್ರಧ್ವಜದ ಕಡೆ ಇತ್ತು ಅಂತ ಒಂದು ಫೋಟೋ ಹಿಡಿದು ಮತ್ತೊಂದು. ಭಾರತದಲ್ಲಿ ಆಡಿದಾಗಲೆಲ್ಲ ಏನಾದರೊಂದು ತಕರಾರು ಬರುತ್ತೆ, ಈ ಸಲ ಬೇಡ ಅಂತ ಆ 21 ವರ್ಷದ ಹುಡುಗಿ ಹೇಳಿಬಿಟ್ಟಳು. ಅಮೆರಿಕದವರು ಅಷ್ಟು ದೂರದಿಂದ ಬಂದು ಆಡಿ ಹೋದರು. ಒಂದು ರಾತ್ರಿ ಬಸ್ಸಿನ ದೂರದಲ್ಲಿದ್ದ ನಮ್ಮ ಹುಡುಗಿ ಮನೆಯಲ್ಲೇ ಉಳಿದಳು. ನಾಚಿಕೆ ಯಾರಿಗಾಗಬೇಕಿತ್ತು? ಆ ದೊಡ್ಡ ದರ್ಜೆಯ ಪಂದ್ಯಾವಳಿಯೂ ಬೆಂಗಳೂರಿಗೆ ಅದೇ ಕೊನೆಯಾಯಿತು.

2010ರಲ್ಲಿ ಪಾಕಿಸ್ತಾನದ ಕ್ರಿಕೆಟಿಗ ಶೋಯಬ್ ಮಲಿಕ್ ಜೊತೆ ಮದುವೆ (ಆ ಸಂಬಂಧ ಮುರಿದದ್ದು 2024ರ ಜನವರಿಯಲ್ಲಿ ಹೊರಬಿತ್ತು). ಸರಿ, ಅಲ್ಲಿಂದ ‘ನೀನು ಯಾವ ದೇಶದವಳು?’ ಅನ್ನೋ ಪ್ರಶ್ನೆ ಶುರು. ಆಕೆ ಕೊನೆಯವರೆಗೂ ಭಾರತದ ಹೆಸರಲ್ಲೇ ಆಡಿದರು.

ಪಾಲುದಾರಿಕೆ ವ್ಯಾಪಾರ

ಸಿಂಗಲ್ಸ್ ಬಿಟ್ಟು ಡಬಲ್ಸ್‌ಗೆ ನಿಂತದ್ದೇ ಆಕೆಯ ಜಾಣತನ. ಮೊದಲು ಬೆಂಗಳೂರಿನ ಮಹೇಶ್ ಭೂಪತಿ ಜೊತೆ 2009ರಲ್ಲಿ ಆಸ್ಟ್ರೇಲಿಯಾ, 2012ರಲ್ಲಿ ಫ್ರೆಂಚ್ ಮಿಶ್ರ ಡಬಲ್ಸ್ ಗೆದ್ದರು. 2014ರಲ್ಲಿ ಬ್ರೆಜಿಲಿನ ಬ್ರೂನೊ ಸೋರೆಸ್ ಜೊತೆ ಅಮೆರಿಕದ್ದು.

2015ರಲ್ಲಿ ಸ್ವಿಟ್ಜರ್ಲೆಂಡಿನ ಮಾರ್ಟಿನಾ ಹಿಂಗಿಸ್ ಸಿಕ್ಕರು. ಹಿಂಗಿಸ್ ಬಲೆಯ ಹತ್ತಿರ ನಿಂತು ಬುದ್ಧಿ ಓಡಿಸೋರು, ಸಾನಿಯಾ ಹಿಂದೆ ನಿಂತು ಬಲಗೈಯಿಂದ ಬಡಿಯೋರು. ಒಬ್ಬರು ತೂಕ ನೋಡಿದರೆ ಇನ್ನೊಬ್ಬರು ಗಲ್ಲಾ ನೋಡಿದ ಹಾಗೆ. ಆ ಏಪ್ರಿಲಿನಲ್ಲೇ ಸಾನಿಯಾ ಡಬಲ್ಸ್‌ನಲ್ಲಿ ಪ್ರಪಂಚಕ್ಕೇ ನಂಬರ್ ಒಂದಾದರು. ಜುಲೈನಲ್ಲಿ ವಿಂಬಲ್ಡನ್ ಫೈನಲ್. ಎದುರಿಗೆ ರಷ್ಯಾದ ಮಕರೋವಾ ಮತ್ತು ವೆಸ್ನಿನಾ. ಕೊನೆಯ ಸೆಟ್ಟಿನಲ್ಲಿ 2-5. ಕತೆ ಮುಗಿಯಿತು ಅಂತ ನೋಡುತ್ತಿದ್ದವರು ಎದ್ದುಹೋಗೋ ಹೊತ್ತು. ಅಲ್ಲಿಂದ ಒಂದು ಗೇಮೂ ಬಿಟ್ಟುಕೊಡದೆ 7-5ಕ್ಕೆ ಗೆದ್ದುಬಿಟ್ಟರು! ಅದೇ ವರ್ಷ ಅಮೆರಿಕದ್ದು, 2016ರ ಜನವರಿಯಲ್ಲಿ ಆಸ್ಟ್ರೇಲಿಯಾದ್ದು. ಒಂದೇ ಸಮನೆ 41 ಪಂದ್ಯ ಸೋಲಲಿಲ್ಲ. ಪಾಲುದಾರಿಕೆ 2016ರ ಆಗಸ್ಟಿನಲ್ಲಿ ಮುರಿಯಿತು. ಮುರಿಯದ ಪಾಲುದಾರಿಕೆ ನಮ್ಮ ಮಂಡಿ ಬೀದಿಯಲ್ಲಾದರೂ ಎಷ್ಟಿವೆ ಹೇಳಿ.

ಈ ನಡುವೆ 2012ರ ಒಲಿಂಪಿಕ್ ಜಗಳ. ಭೂಪತಿಯೂ ಕೊಡಗಿನ ರೋಹನ್ ಬೋಪಣ್ಣನೂ ಲಿಯಾಂಡರ್ ಪೇಸ್ ಜೊತೆ ಆಡೋಲ್ಲ ಅಂದರು. ಮುನಿಸಿಕೊಂಡ ಪೇಸ್‌ರನ್ನು ಸಮಾಧಾನ ಮಾಡಲು ಟೆನಿಸ್ ಸಂಸ್ಥೆ ಸಾನಿಯಾರನ್ನು ಮಿಶ್ರ ಡಬಲ್ಸ್‌ಗೆ ಅವರ ಜೊತೆ ಹಾಕಿತು. ನನ್ನನ್ನು ಗಾಳಕ್ಕೆ ಸಿಕ್ಕಿಸೋ ಹುಳದ ಹಾಗೆ ಬಳಸಿಕೊಂಡಿರಿ ಅನ್ನೋ ಅರ್ಥದಲ್ಲಿ ಆಕೆ ಬಹಿರಂಗವಾಗೇ ಬರೆದರು. ಮೂವರು ಗಂಡಸರ ಜಗಳದಲ್ಲಿ ಹೆಂಗಸನ್ನು ಚಿಲ್ಲರೆಯಾಗಿ ಎಣಿಸಿದ್ದು, ಇನ್ನೇನು?

ಹಾಸನದ ತಕರಾರು

ಈಗ ಪಕ್ಕದ ಜಿಲ್ಲೆಯ ಮಾತು. 2015ರಲ್ಲಿ ಸಾನಿಯಾಗೆ ಖೇಲ್ ರತ್ನ ಘೋಷಣೆಯಾಯಿತು. ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ ಕರ್ನಾಟಕ ಹೈಕೋರ್ಟಿಗೆ ಹೋದರು. 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಎತ್ತರ ಜಿಗಿತಕ್ಕೆ ಬೆಳ್ಳಿ ತಂದವರು ಅವರು. ಸರ್ಕಾರದ್ದೇ ಅಂಕದ ಲೆಕ್ಕದಲ್ಲಿ ತಾನು ಮುಂದಿದ್ದೇನೆ ಅನ್ನೋದು ಅವರ ವಾದ. ಕೋರ್ಟು ನೋಟೀಸು ಕೊಟ್ಟಿತು. ಆಗಸ್ಟ್ 29ರಂದು ಸಾನಿಯಾ ಪ್ರಶಸ್ತಿ ತೆಗೆದುಕೊಂಡರು.

ಆಗ ನಮ್ಮಲ್ಲಿ ಟೀ ಅಂಗಡಿಗಳು ಎರಡು ಪಕ್ಷವಾಗಿದ್ದವು. ನನ್ನ ಮಟ್ಟಿಗೆ ಗಿರೀಶ ಕೇಳಿದ್ದು ತಪ್ಪಲ್ಲ. ಬರೆದಿಟ್ಟ ನಿಯಮ ತೋರಿಸಿ ಕೇಳುವ ಹಕ್ಕು ಅವರಿಗಿತ್ತು. ಹಾಗಂತ ವಿಂಬಲ್ಡನ್ ಗೆದ್ದದ್ದನ್ನು ಲೆಕ್ಕಕ್ಕೇ ಹಿಡಿಯದ ತಕ್ಕಡಿಯೂ ಸರಿಯಲ್ಲ. ದೋಷ ತಕ್ಕಡಿಯದು, ಜಗಳಕ್ಕೆ ಬಿದ್ದವರು ಆಟಗಾರರು.

2016ರ ರಿಯೋದಲ್ಲಿ ಸಾನಿಯಾ-ಬೋಪಣ್ಣ ಜೋಡಿ ಸೆಮಿಫೈನಲ್‌ನಲ್ಲಿ ಸೋತಿತು. ಎದುರಿಗಿದ್ದವರು ವೀನಸ್ ಮತ್ತು ರಾಜೀವ್ ರಾಮ್. ಆ ರಾಮನ ಅಪ್ಪ-ಅಮ್ಮ ಬೆಂಗಳೂರಿಂದ ಅಮೆರಿಕಕ್ಕೆ ಹೋದವರು! ಕಂಚೂ ತಪ್ಪಿ ನಾಲ್ಕನೇ ಸ್ಥಾನ.

2018ರಲ್ಲಿ ಮಗ ಹುಟ್ಟಿದ. ಬಾಣಂತನ ಮುಗಿಸಿದ ಮೇಲೆ ಇನ್ನೇನು ಆಟ ಅಂದವರಿಗೆ 2020ರ ಜನವರಿಯಲ್ಲಿ ಹೋಬಾರ್ಟಿನಲ್ಲಿ ಪ್ರಶಸ್ತಿ ಎತ್ತಿ ತೋರಿಸಿದರು. 2023ರ ಜನವರಿಯಲ್ಲಿ ಮೆಲ್ಬರ್ನ್‌ನಲ್ಲಿ ಕೊನೆಯ ಗ್ರಾಂಡ್‌ಸ್ಲಾಮ್ ಫೈನಲ್, ಜೊತೆಗೆ ಮತ್ತೆ ಬೋಪಣ್ಣ. ಹದಿನಾಲ್ಕನೇ ವಯಸ್ಸಿನಲ್ಲಿ ಆಕೆ ಮೊದಲ ಸಲ ಮಿಶ್ರ ಡಬಲ್ಸ್ ಆಡಿದ್ದೂ ಅವರ ಜೊತೆಗೇ. ಸೋತರು. ಮೈಕಿನ ಮುಂದೆ ಅತ್ತರು. ಪುಟ್ಟ ಮಗ ನೋಡುತ್ತಿದ್ದ. ಫೆಬ್ರವರಿಯಲ್ಲಿ ದುಬೈನಲ್ಲಿ ಬ್ಯಾಟು ಕೆಳಗಿಟ್ಟರು.

ಒಟ್ಟು ಜಮಾ: ಗ್ರಾಂಡ್‌ಸ್ಲಾಮ್ ಆರು, ಡಬಲ್ಸ್ ಪ್ರಶಸ್ತಿ 43, ನಂಬರ್ ಒಂದಾಗಿ 91 ವಾರ, ಬಹುಮಾನದ ಹಣ 70 ಲಕ್ಷ ಡಾಲರಿಗೂ ಮೇಲೆ. ಖರ್ಚಿನ ಕಡೆ ಏನೇನಿದೆ ಅಂತ ಮೇಲೆ ಓದಿದಿರಿ.

ಕೆ.ಬಿ. ಕ್ರಾಸ್ ದಾಟುವ ಹೊತ್ತಿಗೆ ಯಜಮಾನರಿಗೆ ಇಷ್ಟೂ ಒಪ್ಪಿಸಿದ್ದೆ. ಅವರು ಕೇಳಿದ್ದು ಒಂದೇ: ‘ಅದೆಲ್ಲ ಸರಿ, ನಮ್ಮ ತಾಲ್ಲೂಕಲ್ಲಿ ಮಗೂಗೆ ಕಲಿಸೋರು ಯಾರಿದ್ದಾರೆ?’

ಓದುಗರಲ್ಲಿ ಯಾರಾದರೂ ಆ ಕೆಲಸ ಮಾಡುತ್ತಿದ್ದರೆ ಪತ್ರಿಕೆ ಕಚೇರಿಗೆ ತಿಳಿಸಿ. ಮಂಡಿಗೆ ಮುಟ್ಟಿಸುತ್ತೇನೆ.