ಬೆಸುಗೆ ಬಿಡಿಸುವ ಬಗೆ

ಬೆಸುಗೆ ಎಂಬ ಮಾತಿಗೆ ನಮ್ಮ ಭಾಷೆಯಲ್ಲಿ ಒಳ್ಳೆಯ ಅರ್ಥವೇ ಉಂಟು. ಆದ್ದರಿಂದಲೋ ಏನೋ, ಬೆಸೆಯುವುದನ್ನು ಕಲಿಸುವವರು ಬೇಕಾದಷ್ಟು ಮಂದಿ ಸಿಗುತ್ತಾರೆ, ಬಿಡಿಸುವುದನ್ನು ಕಲಿಸುವವರು ವಿರಳ. ನಾನು ಈ ಹೊತ್ತು ಹೇಳಹೊರಟಿರುವುದು ಮನಸ್ಸುಗಳ ಬೆಸುಗೆಯ ವಿಚಾರವನ್ನಲ್ಲ. ರೇಡಿಯೊ, ಶ್ರುತಿಪೆಟ್ಟಿಗೆ, ಟಿ.ವಿ. ಮೊದಲಾದವುಗಳ ಒಡಲಿನಲ್ಲಿರುವ ಸರ್ಕ್ಯೂಟ್ ಫಲಕದ ಮೇಲೆ ತಪ್ಪಾಗಿ ಕುಳಿತ ಬಿಡಿಭಾಗವನ್ನು, ಫಲಕಕ್ಕೆ ಗಾಯವಾಗದಂತೆ ಎತ್ತುವ ವಿಚಾರವನ್ನು.

ಇದನ್ನು ನಾನು ಕಲಿತದ್ದು ಒಂದು ಫಲಕವನ್ನು ಕೆಡಿಸಿ. 1994ರ ಬೇಸಗೆಯಲ್ಲಿ ನಮ್ಮ ಬೀದಿಯ ಸಂಗೀತದ ಮೇಷ್ಟರು ತಮ್ಮ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯನ್ನು ರಿಪೇರಿಗೆಂದು ನನ್ನ ಕೈಗೆ ಕೊಟ್ಟರು. ಅದರಲ್ಲಿ ಹದಿನಾಲ್ಕು ಕಾಲಿನ ಒಂದು ಐ.ಸಿ. ಕೆಟ್ಟಿತ್ತು. ಹೊಸದನ್ನು ತಂದು ಹಾಕಿದೆ. ಈ ಕರಿಯ ಐ.ಸಿ.ಯ ಒಂದು ತುದಿಯಲ್ಲಿ, ಒಂದನೆಯ ಕಾಲು ಯಾವ ಕಡೆಯದೆಂದು ತಿಳಿಯಲಿ ಎಂದೇ ಅರ್ಧಚಂದ್ರದಂಥ ಒಂದು ಕಚ್ಚು ಇರುತ್ತದೆ. ಅವಸರದಲ್ಲಿ ನಾನು ಅದನ್ನು ನೋಡದೆ, ಹಿಂದುಮುಂದಾಗಿ ಕೂರಿಸಿ, ಹದಿನಾಲ್ಕು ಕಾಲಿಗೂ ಅಚ್ಚುಕಟ್ಟಾಗಿ ಬೆಸುಗೆ ಹಾಕಿದ್ದೆ. ವಿದ್ಯುತ್ತು ಕೊಟ್ಟರೆ ಷಡ್ಜವೂ ಇಲ್ಲ, ಪಂಚಮವೂ ಇಲ್ಲ. ಬೆರಳಿಟ್ಟು ನೋಡಿದರೆ ಐ.ಸಿ. ಕಾವಲಿಯಂತೆ ಸುಡುತ್ತಿತ್ತು. “ನಾಡಿದ್ದು ಕಛೇರಿ ಇದೆಯಪ್ಪಾ, ಆಗುತ್ತೋ?” ಎಂದರು ಮೇಷ್ಟರು. “ಆಗುತ್ತೆ ಮೇಷ್ಟ್ರೆ” ಎಂದುಬಿಟ್ಟೆ. ಆ ರಾತ್ರಿ ಕಾಲುಗಳನ್ನು ಒಂದೊಂದಾಗಿ ಕಾಯಿಸುತ್ತ, ಐ.ಸಿ.ಯ ಅಡಿಗೆ ಸ್ಕ್ರೂಡ್ರೈವರ್ ತೂರಿಸಿ ಮೀಟಿದೆ. ಐ.ಸಿ. ಮೇಲೆ ಬಂತು. ಅದರೊಡನೆ ಫಲಕದ ಎರಡು ತಾಮ್ರದ ಗೆರೆಗಳೂ, ಬಾಳೆದಿಂಡಿನ ನಾರಿನಂತೆ, ಸುಲಿದು ಬಂದವು.

ಏಕೆ ಬಂದವು ಎಂಬುದನ್ನು ತಿಳಿಯಬೇಕಾದರೆ ಫಲಕದ ರಚನೆಯನ್ನು ತಿಳಿಯಬೇಕು. ಹಿಂದಿನ ರೇಡಿಯೊಗಳಲ್ಲಿ ಒಂದೊಂದು ಭಾಗಕ್ಕೂ ತಂತಿ ಎಳೆದು ಕಟ್ಟುತ್ತಿದ್ದರು. ಆಸ್ಟ್ರಿಯಾ ದೇಶದ ಪಾಲ್ ಐಸ್ಲರ್ ಎಂಬ ಎಂಜಿನಿಯರು 1936ರ ಸುಮಾರಿಗೆ ಲಂಡನ್ನಿನಲ್ಲಿ, ತಂತಿಯ ಬದಲು ತಾಮ್ರದ ಗೆರೆಗಳನ್ನೇ ಹಲಗೆಯ ಮೇಲೆ ಮೂಡಿಸಿ ಒಂದು ರೇಡಿಯೊ ಮಾಡಿ ತೋರಿಸಿದ. ಇಂದಿಗೂ ಹಾದಿ ಅದೇ. ಗಾಜಿನ ನಾರನ್ನು ಎಪಾಕ್ಸಿ ರಾಳದಲ್ಲಿ ಅದ್ದಿ ಮಾಡಿದ ಹಲಗೆ, ಅಗ್ಗದ ಯಂತ್ರಗಳಲ್ಲಾದರೆ ಕಾಗದದ ಹಲಗೆ. ಅದರ ಮೇಲೆ ಅಂಟಿಕೊಂಡ ತಾಮ್ರದ ತಗಡು. ಈ ತಗಡಿನ ದಪ್ಪ ಸಾಮಾನ್ಯವಾಗಿ 35 ಮೈಕ್ರಾನು. ನಾವು ಕಾಗದ ಬರೆಯುವ ಹಾಳೆಯ ಮೂರರಲ್ಲೊಂದು ಪಾಲು ಎನ್ನಿ. ಅದನ್ನು ಹಿಡಿದಿರುವುದು ಬರಿಯ ಅಂಟು, ಕಾವು ಏರಿದಂತೆ ಆ ಅಂಟಿನ ಹಿಡಿತ ಸಡಿಲುತ್ತದೆ. ಹದಿನಾಲ್ಕರಲ್ಲಿ ಹದಿಮೂರು ಕಾಲು ಬಿಟ್ಟುಕೊಂಡು ಒಂದು ಮಾತ್ರ ಬೆಸುಗೆಯಲ್ಲಿ ಹೂತಿರುವಾಗ ನಾವು ಎಳೆದರೆ, ಕಾಲು ಬಿಡುವ ಮೊದಲು ಅಂಟು ಬಿಡುತ್ತದೆ. ನಾನು ಮಾಡಿದ್ದು ಇದನ್ನೇ.

ಹಾಗಾದರೆ ಮಾಡಬೇಕಾದದ್ದೇನು? ಕೇಳಿದರೆ ವಿಚಿತ್ರವೆನಿಸೀತು: ಹಳೆಯ ಬೆಸುಗೆಯನ್ನು ತೆಗೆಯಬೇಕಾದರೆ ಮೊದಲು ಅದಕ್ಕೆ ಹೊಸ ಬೆಸುಗೆ ಸೇರಿಸಬೇಕು. ನಮ್ಮೂರಿಗೆ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕಲು ಬರುತ್ತಿದ್ದವನನ್ನು ನೆನೆಯಿರಿ. ಕಾದ ಪಾತ್ರೆಗೆ ಅವನು ನವಸಾಗರದ ಪುಡಿ ಹಾಕಿ ಉಜ್ಜುತ್ತಿದ್ದ, ಬಿಳಿಯ ಹೊಗೆ ಏಳುತ್ತಿತ್ತು, ಆಮೇಲೆ ತವರ ಕನ್ನಡಿಯಂತೆ ಹರಡಿಕೊಳ್ಳುತ್ತಿತ್ತು. ಲೋಹದ ಮೈಮೇಲಿನ ಕಿಲುಬು ಹೋಗದೆ ತವರ ಹತ್ತುವುದಿಲ್ಲ. ಬೆಸುಗೆ ತಂತಿಯ ಒಳಗೆ ತುಂಬಿರುವ ರಾಳ ಮಾಡುವುದೂ ಈ ಕೆಲಸವನ್ನೇ. ಹಳೆಯ ಬೆಸುಗೆಯ ಮೇಲೆ ಮಂಕಾದ ಒಂದು ಪೊರೆ ಕಟ್ಟಿರುತ್ತದೆ, ಅದು ಕಾವನ್ನು ಒಳಕ್ಕೆ ಬಿಡದು. ಚಿಟಿಕೆಯಷ್ಟು ಹೊಸ ಬೆಸುಗೆ ಕರಗಿಸಿದರೆ ರಾಳ ಪೊರೆಯನ್ನು ಕಳೆಯುತ್ತದೆ, ದ್ರವಲೋಹ ಐರನ್ನಿನ ತುದಿಗೂ ಕಾಲಿಗೂ ನಡುವೆ ಸೇತುವೆಯಾಗುತ್ತದೆ. ಎರಡು ಮೂರು ಸೆಕೆಂಡಿನಲ್ಲಿ ಎಲ್ಲವೂ ನೀರಾಗುತ್ತದೆ. ಈಚಿನ ಯಂತ್ರಗಳಿಗೆ ಇದು ಇನ್ನೂ ಅಗತ್ಯ. 63 ಪಾಲು ತವರ, 37 ಪಾಲು ಸೀಸ ಸೇರಿದ ಹಳೆಯ ಬೆಸುಗೆ 183 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗುತ್ತದೆ. ಯುರೋಪಿನಲ್ಲಿ 2006ರಿಂದ ಸೀಸಕ್ಕೆ ನಿರ್ಬಂಧ ಬಂದಮೇಲೆ ಬಳಕೆಗೆ ಬಂದ, ತವರ, ಬೆಳ್ಳಿ, ತಾಮ್ರ ಸೇರಿದ ಬೆಸುಗೆ ಕರಗಲು ಸುಮಾರು 217 ಡಿಗ್ರಿ ಬೇಕು. ಅದಕ್ಕೆ ಸೀಸದ ಬೆಸುಗೆಯನ್ನು ಬೆರೆಸಿದರೆ ಕರಗುವ ಮಟ್ಟ ಕೆಳಗಿಳಿಯುತ್ತದೆ. (ಸೀಸ ಮುಟ್ಟಿದ ಕೈಯನ್ನು ತೊಳೆದೇ ಊಟಕ್ಕೆ ಕೂರಬೇಕೆಂಬುದನ್ನು ಮರೆಯಬೇಡಿ.)

ಕರಗಿದ್ದನ್ನು ತೆಗೆಯಲು ಎರಡು ಸಾಧನಗಳುಂಟು. ಒಂದು, ಸ್ಪ್ರಿಂಗಿನ ಬಲದಿಂದ ಬೆಸುಗೆಯನ್ನು ಹೀರುವ ಪಂಪು. ಇನ್ನೊಂದು, ಸಣ್ಣ ತಾಮ್ರದೆಳೆಗಳನ್ನು ಜಡೆಯಂತೆ ಹೆಣೆದ ಪಟ್ಟಿ. ದೀಪದ ಬತ್ತಿ ಎಣ್ಣೆಯನ್ನು ಕುಡಿಯುವಂತೆ ಅದು ಬೆಸುಗೆಯನ್ನು ಕುಡಿಯುತ್ತದೆ. ರಂಧ್ರದಲ್ಲಿ ಚೂರುಪಾರು ಉಳಿಯಿತೆಂದು ಕಾಯಿಸುತ್ತಲೇ ಕೂರಬಾರದು. ಮತ್ತೆ ಬೆಸುಗೆ ತುಂಬಿ ಮತ್ತೆ ಹೀರಬೇಕು. ಇನ್ನೊಂದು ಮಾತು: ಅಂಜಿ ಕಡಿಮೆ ವ್ಯಾಟಿನ ಐರನ್ನು ಹಿಡಿಯುವವರುಂಟು. ಇದು ತಪ್ಪು. ಅಗಲವಾದ ತಾಮ್ರದ ಹಾಸಿಗೆ ಸೇರಿದ ಕಾಲು ಕಾವನ್ನೆಲ್ಲ ಹರಡಿಬಿಡುತ್ತದೆ. ಸಣ್ಣ ಐರನ್ನು ಅಲ್ಲಿ ನಿಮಿಷಗಟ್ಟಲೆ ತಿಣುಕುವಷ್ಟರಲ್ಲಿ ಫಲಕ ಬೆಂದಿರುತ್ತದೆ. ದಪ್ಪ ತುದಿಯ ಬಲವಾದ ಐರನ್ನು, ಕ್ಷಣಕಾಲದ ಸ್ಪರ್ಶ, ಇದೇ ಲೇಸು.

ಆದರೂ ಐ.ಸಿ.ಯನ್ನು ಇಡಿಯಾಗಿ ಉಳಿಸಿಕೊಳ್ಳುವ ಆಸೆಯೇ ಅನರ್ಥಕ್ಕೆ ಮೂಲ. ನನ್ನ ಐ.ಸಿ. ಹೇಗೂ ಸುಟ್ಟಿತ್ತು, ಅದರ ಬೆಲೆಯೂ ಕೆಲವೇ ರೂಪಾಯಿ. ಸಣ್ಣ ಕಟ್ಟರಿನಿಂದ ಹದಿನಾಲ್ಕು ಕಾಲುಗಳನ್ನೂ ಮೈಯ ಪಕ್ಕಕ್ಕೇ ಕತ್ತರಿಸಿ, ಒಡಲನ್ನು ಎತ್ತೊಗೆದು, ಉಳಿದ ಕಾಲುಗಳನ್ನು ಒಂದೊಂದಾಗಿ ಕಾಯಿಸಿ ಚಿಮಟದಿಂದ ಮೆಲ್ಲಗೆ ಎತ್ತಿದ್ದರೆ ಒಂದು ಗೆರೆಯೂ ಅಲುಗುತ್ತಿರಲಿಲ್ಲ. ಕರಗಿದ ಕಾಲು ತಾನಾಗಿ ಬರುತ್ತದೆ. ಬಾರದಿದ್ದರೆ ಅದು ಇನ್ನೂ ಕರಗಿಲ್ಲವೆಂದು ಅರ್ಥ. ರಂಧ್ರ ಮುಚ್ಚಿದ್ದರೆ ಬೆಸುಗೆ ಕರಗಿಸಿ ಬಿದಿರಿನ ಹಲ್ಲುಕಡ್ಡಿಯನ್ನು ತೂರಿಸಬಹುದು, ಮರಕ್ಕೆ ಬೆಸುಗೆ ಹತ್ತುವುದಿಲ್ಲ.

ಮೇಷ್ಟರ ಪೆಟ್ಟಿಗೆಗೆ ಬೇರೆ ಫಲಕ ಸಿಗುವಂತಿರಲಿಲ್ಲ. ಮರುದಿನ ಬೆಳಿಗ್ಗೆ ಸುಲಿದ ಗೆರೆಗಳ ಎರಡು ತುದಿಗಳಲ್ಲಿಯೂ ಹಸಿರು ಬಣ್ಣವನ್ನು ಬ್ಲೇಡಿನಿಂದ ಕೆರೆದು, ತಾಮ್ರ ಕಾಣಿಸಿದಲ್ಲಿಂದ ತಾಮ್ರ ಕಾಣಿಸಿದಲ್ಲಿಗೆ ಕೂದಲಿನಂಥ ತಂತಿಯನ್ನು ಬೆಸೆದೆ. ಐ.ಸಿ.ಯನ್ನು ಈ ಸಲ ನೇರವಾಗಿ ಬೆಸೆಯಲಿಲ್ಲ. ಒಂದು ಸಾಕೆಟ್ಟನ್ನು ಬೆಸೆದು, ಕಚ್ಚು ಯಾವ ಕಡೆಯೆಂದು ಎರಡು ಸಲ ನೋಡಿ, ಐ.ಸಿ.ಯನ್ನು ಅದರೊಳಗೆ ಒತ್ತಿ ಕೂರಿಸಿದೆ. ಸಾಯಂಕಾಲ ಮೇಷ್ಟರು ಬಂದು ಗುಂಡಿ ತಿರುಗಿಸಿ, ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೇಳಿದರು. “ಪಂಚಮ ಒಂದು ಕೂದಲೆಳೆ ಇಳಿದಿದೆ” ಎಂದರು. ಅದನ್ನು ಸರಿಮಾಡಲು ಬೆಸುಗೆ ಬೇಕಾಗಲಿಲ್ಲ, ಒಂದು ತಿರುಪು ಸಾಕಾಯಿತು.